ತಲೆಲೆಕ್ಕ

ಕೀತ್ಲಿಯ ಚರ್ಚ್ ಹಾಲಿನ ಹಿಂದಿನ ಕೋಣೆ.
ಹೀಟರು ಕೆಮ್ಮುತ್ತದೆ, ಬಿಸಿಯಾಗುವುದಿಲ್ಲ.
ಮೇಜಿನ ಮೇಲೆ ನಾಲ್ಕು ಫಾರಂ, ಎರಡು ಚಹಾ,
ಗ್ಲೆನಿಸ್ ಆಕ್ರಾಯ್ಡಳ ಕನ್ನಡಕ.
ಮೂವತ್ತು ವರ್ಷ ಶಾಲೆಯ ಮುಂದಿನ ರಸ್ತೆಯಲ್ಲಿ
ಕೋಲು ಹಿಡಿದು ಲಾರಿಗಳನ್ನು ನಿಲ್ಲಿಸಿದವಳು;
ಈಗಲೂ ಮಾತಿನ ನಡುವೆ ಅಂಗೈ ಎತ್ತುತ್ತಾಳೆ,
ನಾನು ನಿಲ್ಲುತ್ತೇನೆ.

ಶನಿವಾರ ಮಾಲಮ್ ಬಂಡೆಗೆ. ಇಪ್ಪತ್ತಮೂರು ಮಕ್ಕಳು,
ಹನ್ನೊಂದರಿಂದ ಹದಿನೈದು, ಅಂದರೆ
ಹೇಳಿದ್ದು ಕಿವಿಗೆ ಬೀಳದ ವಯಸ್ಸು.

ಅಪಾಯ ಯಾವುದು, ಮೊದಲ ಮನೆ ಕೇಳುತ್ತದೆ.
ಸುಣ್ಣಕಲ್ಲಿನ ಹಾಸು, ನಡುನಡುವೆ ಆಳದ ಬಿರುಕು.
ಒದ್ದೆ ಮೆಟ್ಟಿಲು. ಹಳ್ಳ. ಕರು ಹಾಕಿದ ಹಸು.
ಹದಿಮೂರರ ಹುಡುಗರು, ಎಂದು ಸೇರಿಸುತ್ತಾಳೆ ಗ್ಲೆನಿಸ್.
ಸಂಭವ ಎಷ್ಟು, ಒಂದರಿಂದ ಐದು.
ಪೆಟ್ಟು ಎಷ್ಟು, ಒಂದರಿಂದ ಐದು.
ಗುಣಿಸಿ.
ಬಂಡೆಯ ಅಂಚು: ಎರಡೈದ್ಲ ಹತ್ತು.
ಕಡಲೆಬೀಜ ಮತ್ತು ಜುಬೈದಾಳ ಗಂಟಲು: ಮೂರೈದ್ಲ ಹದಿನೈದು.
ಬೆತ್ತ ಹಿಡಿದು ಮಗ್ಗಿ ಹೇಳಿಸಿದ ಮೇಷ್ಟ್ರು
ಅದು ಇದಕ್ಕೆ ಬೇಕಾದೀತೆಂದು ಹೇಳಿರಲಿಲ್ಲ.

ಹೋದ ಭಾನುವಾರ ನಾನೊಬ್ಬಳೇ ದಾರಿ ನಡೆದು ಬಂದಿದ್ದೆ.
ಎಲ್ಲಿ ಫೋನು ಸಾಯುತ್ತದೆ, ಯಾವ ಶೌಚಾಲಯಕ್ಕೆ ಬೀಗ,
ಆಂಬುಲೆನ್ಸು ಯಾವ ಗೇಟಿನವರೆಗೆ ಬಂದೀತು,
ಎಲ್ಲ ಗುರುತು ಹಾಕಿಕೊಂಡೆ.
ಒಂದು ಬಿರುಕಿಗೆ ಕಾಲಿಳಿಸಿ ನೋಡಿದೆ, ತೊಡೆಯವರೆಗೂ ಹೋಯಿತು.
ಒಳಗೆ ಜರೀಗಿಡ, ತಂಪು,
ಯಾರದೋ ಒಂದು ನೀಲಿ ಕೈಗವಸು.
ಕಾಲು ಎಳೆದುಕೊಳ್ಳದೆ ಹಾಗೇ ಕೂತೆ ಸ್ವಲ್ಪ ಹೊತ್ತು.
ಇಂಥ ಚಂದದ ಜಾಗವನ್ನು
ಮುರಿಯಬಹುದಾದ ಮೂಳೆಗಳಲ್ಲಿ ಓದುತ್ತಿದ್ದೇನಲ್ಲ, ಅನ್ನಿಸಿತು.

ಒಪ್ಪಿಗೆ ಚೀಟಿಗಳು. ಮೇಸಿಯದರಲ್ಲಿ ಒಂದೇ ಸಾಲು:
ಅವಳಪ್ಪ ಬಂದರೆ ಕಳಿಸಬೇಡಿ. ಕೆಳಗೆ ಎರಡು ಗೀಟು.
ಅದನ್ನು ಯಾವುದರಿಂದ ಗುಣಿಸುವುದು?

ರೀಸ್ ಹಿಂಡಲ್ ಬಾಗಿಲಲ್ಲಿ ನಿಂತು ಹೇಳಿದ,
ಶನಿವಾರ ಅವನಿಗೆ ಹೊಟ್ಟೆನೋವಂತೆ.
ಇವತ್ತಿನ್ನೂ ಗುರುವಾರ.
ಗ್ಲೆನಿಸ್ ಅವನ ಹೊಟ್ಟೆ ನೋಡಲಿಲ್ಲ, ಕಾಲು ನೋಡಿದಳು:
ಬಟ್ಟೆಯ ಶೂ, ಅಟ್ಟೆಗೆ ಸುತ್ತಿದ ಕಪ್ಪು ಟೇಪು.
ಏನೂ ಅನ್ನಲಿಲ್ಲ.
ಶುಕ್ರವಾರ ಹಾಲಿನ ಮೂಲೆಯಲ್ಲಿ ಮೂರು ಪೆಟ್ಟಿಗೆ,
ಅವಳ ದಪ್ಪ ಅಕ್ಷರದಲ್ಲಿ ಒಂದು ರಟ್ಟು:
ಎಲ್ಲರೂ ಕ್ಲಬ್ಬಿನ ಬೂಟನ್ನೇ ತೊಡತಕ್ಕದ್ದು. ನಿಯಮ.
ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ.
ಆ ಬೂಟುಗಳು ಯಾರ ಯಾರ ಮನೆಯಿಂದ ಬಂದವೋ,
ಕೇಳಿದರೆ ಅಂಗೈ ಎತ್ತಿದಳು.

ಬಸ್ಸಿನಲ್ಲಿ ನಾನು ಎಣಿಸುವುದು ಕನ್ನಡದಲ್ಲೇ.
ಬೇರೆ ಭಾಷೆಯಲ್ಲಿ ಎಣಿಸಿದರೆ ನನಗೆ ನಂಬಿಕೆಯಿಲ್ಲ.
ಜೋಳ ಅಳೆಯುವಾಗ ಅಜ್ಜಿ ಮೊದಲ ಸೇರಿಗೆ
ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದಳು.
ಮುಂದಿನ ಸೀಟಿನಲ್ಲಿ ರೀಸ್, ಒಂದು ಸೈಜು ದೊಡ್ಡ ಬೂಟು:
ಲಾಭ.
ಎರಡು, ಮೂರು, ನಾಲ್ಕು. ಏಳನೆಯವನು ಕಾಸ್ಪರ್,
ಕೂತಲ್ಲೇ ನಿದ್ದೆ ಹೋಗುವ ಹುಡುಗ,
ಏಳು ಎಂದು ಭುಜ ತಟ್ಟಿದರೆ ಎದ್ದು ಕೂರುತ್ತಾನೆ.
ಮಕ್ಕಳಿಗೆ ಇದು ತಮಾಷೆ. ಒಂದೇ ಮಾತು
ಲೆಕ್ಕವೂ ಹೌದು, ಎಬ್ಬಿಸುವುದೂ ಹೌದೆಂದು
ನಾನು ಹೇಳಿಕೊಟ್ಟಿಲ್ಲ.

ಸಂಜೆ ಗೇಟಿನ ಬಳಿ ಎಣಿಸಿದರೆ ಇಪ್ಪತ್ತೆರಡು.

ಮತ್ತೆ. ಇಪ್ಪತ್ತೆರಡು.
ಬಂಡೆಯ ತುದಿಯಲ್ಲಿ ಕಾಗೆಗಳು, ಮಂಜು ಇಳಿಯುತ್ತಿದೆ,
ನನ್ನ ಬಾಯಲ್ಲಿ ತಾಮ್ರದ ರುಚಿ.
ಫಾರಮ್ಮಿನಲ್ಲಿ ಎಲ್ಲದಕ್ಕೂ ಜಾಗವಿತ್ತು,
ಎರಡನೇ ಎಣಿಕೆಗೂ ಮೂರನೆಯದಕ್ಕೂ ನಡುವಿನ
ಈ ಉಸಿರಿಗೆ ಇರಲಿಲ್ಲ.
ಗ್ಲೆನಿಸ್ ಅಂಗೈ ಎತ್ತಿದಳು. ಎಲ್ಲ ನಿಂತಿತು, ಗಾಳಿಯೂ ಅನ್ನಿ.
ಆಗ ಜುಬೈದಾ ಬಸ್ಸಿನ ಹಿಂದಿನ ಕಿಟಕಿಗೆ
ಮೂಗೊತ್ತಿ ನೋಡಿ, ಗಾಜು ಬಡಿದು ಕೂಗಿದಳು:
ಏಳು!
ಹಿಂದೆಯೇ ಎಲ್ಲರೂ, ಯಾರ್ಕ್‌ಷೈರಿನ ನಾಲಿಗೆಯಲ್ಲಿ,
ಏಳು! ಏಳು!
ಒಳಗೆ ಒಂದು ಕೆದರಿದ ತಲೆ ಮೇಲೆದ್ದಿತು.

ಸೋಮವಾರ ಕೊನೆಯ ಹಾಳೆ ತುಂಬಿದೆವು.
ಘಟನೆಗಳು: ಇಲ್ಲ. ಗಾಯ: ಒಂದು ಬೊಬ್ಬೆ, ನನ್ನದೇ.
ಪೆಟ್ಟಿಗೆಗೆ ಒಂದು ಜೊತೆ ಬೂಟು ವಾಪಸು ಬಂದಿಲ್ಲ.
ಅದನ್ನು ನಾವು ಎಣಿಸಲಿಲ್ಲ.